ಲೇಖನಿಯಿಂದ ಲೋಕಸಭೆಗೆ: ಶ್ರೀ ಜೋಕಿಂ ಆಳ್ವರ ಸಾರ್ವಜನಿಕ ಜೀವನ

ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಾವಸರದಲ್ಲಿ, ಇದರ ಗೋಡೆಗಳನ್ನೆತ್ತಿದ ಹಿರಿಯರನ್ನೂ ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಈ ಸಂಚಿಕೆಯ ಅನ್ಯ ಪುಟಗಳಲ್ಲಿ ಕೃತಜ್ಞತೆಯಿಂದ ಸ್ಮರಿಸಲಾಗಿದೆ. ನಾವು ಇಲ್ಲಿ ಬರೆಯಹೊರಟಿರುವುದು ಈ ದೇವಾಲಯಕ್ಕೆ ಒಂದು ಕಲ್ಲನ್ನೂ ತಂದಿಡದ ವ್ಯಕ್ತಿಯೊಬ್ಬರ ವಿಷಯ. ಆದರೂ ಅವರ ಹೆಸರು ನಮ್ಮ ನೂರು ವರ್ಷಗಳ ಚರಿತ್ರೆಗೆ ಹೊರತಾದುದಲ್ಲ. ಈ ಜಿಲ್ಲೆಯ ಜನರು 1952, 1957 ಮತ್ತು 1962ರ ಮಹಾಚುನಾವಣೆಗಳಲ್ಲಿ ಮೂರು ಬಾರಿ ಆರಿಸಿ ದೆಹಲಿಗೆ ಕಳುಹಿಸಿದ ಕಥೋಲಿಕ ಪತ್ರಿಕೋದ್ಯೋಗಿ ಶ್ರೀ ಜೋಕಿಂ ಆಳ್ವರೇ ಅವರು. ಅವರ ಹೆಸರನ್ನು ಕೇಳಿದ ಕೂಡಲೇ ಗುರುತಿಸಬಲ್ಲ ಹಿರಿಯರು ನಮ್ಮ ಧರ್ಮಕೇಂದ್ರದಲ್ಲಿ ಈಗ ವಿರಳ. ಆದಕಾರಣ ಈ ಕೆಲವು ಮಾತುಗಳನ್ನು ಬರೆದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಆಳ್ವರು ಹುಟ್ಟಿದ್ದು 1907ರಲ್ಲಿ, ದಕ್ಷಿಣ ಕನ್ನಡದ ಒಂದು ಕಥೋಲಿಕ ಕುಟುಂಬದಲ್ಲಿ. ಅಂದು ಅದು ಮದ್ರಾಸ್ ಪ್ರಾಂತಕ್ಕೆ ಸೇರಿದ ಜಿಲ್ಲೆ. ನಮ್ಮ ಉತ್ತರ ಕನ್ನಡವಾದರೋ 1862ರಷ್ಟು ಹಿಂದೆಯೇ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿಹೋಗಿತ್ತು. ಕರಾವಳಿಯ ವಿದ್ಯಾವಂತ ತರುಣರು ಉದ್ಯೋಗವನ್ನೂ ಉನ್ನತ ಶಿಕ್ಷಣವನ್ನೂ ಅರಸಿ ಹೊರಟರೆ ಅವರ ಕಣ್ಣು ಬೀಳುತ್ತಿದ್ದುದು ಮುಂಬಯಿಯ ಮೇಲೆ. ಆಳ್ವರೂ ಅದೇ ದಾರಿ ಹಿಡಿದರು. ಅಲ್ಲಿ ನ್ಯಾಯಶಾಸ್ತ್ರವನ್ನು ಅಭ್ಯಸಿಸಿ ವಕೀಲರಾದರು, ವಿದ್ಯಾರ್ಥಿ ಚಳವಳಿಯಲ್ಲಿ ಮುಂದಾಳಾದರು, 1930ರ ಸುಮಾರಿಗೆ, ಸ್ವಾತಂತ್ರ್ಯ ಹೋರಾಟದ ಕಾವು ಏರಿದ್ದ ದಿನಗಳಲ್ಲಿ, ಮುಂಬಯಿಯ ಕ್ರೈಸ್ತರಲ್ಲಿ ರಾಷ್ಟ್ರೀಯ ಭಾವನೆಯುಳ್ಳವರನ್ನು ಒಂದುಗೂಡಿಸಲು ಶ್ರಮಿಸಿದರು, ಸೆರೆಮನೆಯನ್ನೂ ಕಂಡರು.

ಇಂದಿನ ವಾಚಕರಿಗೆ ಇದರ ಮಹತ್ವ ಥಟ್ಟನೆ ತಿಳಿಯಲಾರದು. ಬ್ರಿಟಿಷ್ ಸರ್ಕಾರದಲ್ಲಿ ಗುಮಾಸ್ತೆಗಿರಿ, ರೈಲ್ವೆಯಲ್ಲಿ ಒಂದು ಹುದ್ದೆ, ಶಾಲೆಯಲ್ಲಿ ಉಪಾಧ್ಯಾಯ ವೃತ್ತಿ, ಇವು ದೊರೆತರೆ ಅಂದಿನ ನಮ್ಮ ಮನೆಗಳಲ್ಲಿ ದೇವರಿಗೆ ಸ್ತೋತ್ರ ಸಲ್ಲುತ್ತಿತ್ತು. ಗಾಂಧಿ ಟೋಪಿ ಧರಿಸಿ ಬೀದಿಗಿಳಿದ ಮಗ ಕುಟುಂಬಕ್ಕೆ ಕೇಡು ತಂದನೆಂದು ಮರುಗಿದ ತಾಯ್ತಂದೆಗಳು ಕಡಿಮೆಯಿರಲಿಲ್ಲ. ಅಂಥ ಕಾಲದಲ್ಲಿ, ಕ್ರೈಸ್ತನಾಗಿರುವುದಕ್ಕೂ ಭಾರತೀಯನಾಗಿರುವುದಕ್ಕೂ ಯಾವ ವಿರೋಧವೂ ಇಲ್ಲವೆಂಬುದನ್ನು ಬಾಯಿಮಾತಿನಲ್ಲಿ ಹೇಳದೆ ನಡೆದು ತೋರಿಸಿದ ಕೆಲವರಲ್ಲಿ ಆಳ್ವರೊಬ್ಬರು.

ಫೋರಂ ಪತ್ರಿಕೆ

1937ರಲ್ಲಿ ಆಳ್ವರು ಕುಮಾರಿ ವಯೊಲೆಟ್ ಹರಿಯವರನ್ನು ವರಿಸಿದರು. ಗುಜರಾತಿನ ಪ್ರೊಟೆಸ್ಟಂಟ್ ಪಾದ್ರಿಯೊಬ್ಬರ ಮಗಳಾದ ವಯೊಲೆಟರು ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಸ್ವಂತ ಪರಿಶ್ರಮದಿಂದ ಓದಿ, ಮುಂಬಯಿಯಲ್ಲಿ ಪ್ರಾಧ್ಯಾಪಕಿಯೂ ವಕೀಲೆಯೂ ಆದವರು. 1944ರಲ್ಲಿ ಹೈಕೋರ್ಟಿನ ಪೂರ್ಣಪೀಠದೆದುರು ವಾದ ಮಂಡಿಸಿದ ಪ್ರಥಮ ಭಾರತೀಯ ಮಹಿಳೆಯೆಂಬ ಕೀರ್ತಿ ಅವರದು. ಬೇರೆ ಪ್ರಾಂತ, ಬೇರೆ ಭಾಷೆ, ಬೇರೆ ಕ್ರೈಸ್ತ ಪಂಗಡಗಳಿಂದ ಬಂದ ಇವರಿಬ್ಬರನ್ನು ದೇಶದ ಕಾರ್ಯವೇ ಒಂದೆಡೆ ಕಟ್ಟಿಹಾಕಿತು.

ಅವರಿಬ್ಬರೂ ಕೂಡಿ 1943ರಲ್ಲಿ ‘ಫೋರಂ’ ಎಂಬ ಇಂಗ್ಲಿಷ್ ವಾರಪತ್ರಿಕೆಯನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕರಾವಳಿಯಲ್ಲಿ ಹುಟ್ಟಿದ್ದು 1843ರಲ್ಲಿ. ಸರಿಯಾಗಿ ನೂರು ವರ್ಷಗಳ ಅನಂತರ ಕರಾವಳಿಯ ಒಬ್ಬ ಮಗ ಮುಂಬಯಿಯಲ್ಲಿ ಪತ್ರಿಕೆ ಆರಂಭಿಸಿದ್ದು ಆಕಸ್ಮಿಕವೇ ಆದರೂ ಸ್ಮರಣೀಯವಾದ ಸಂಗತಿ. ಕಾಲವಾದರೋ ಪತ್ರಿಕೆಗಳಿಗೆ ಅತ್ಯಂತ ಪ್ರತಿಕೂಲವಾದುದು. ‘ಭಾರತ ಬಿಟ್ಟು ತೊಲಗಿ’ ಚಳವಳಿ ಆರಂಭವಾಗಿ ವರ್ಷ ತುಂಬುತ್ತಲಿತ್ತು. ಮಹಾಯುದ್ಧ ನಡೆದಿತ್ತು. ಕಾಗದಕ್ಕೆ ಅಭಾವ. 1931ರ ಪತ್ರಿಕಾ ಕಾಯಿದೆಯ ಪ್ರಕಾರ ಸರ್ಕಾರವು ಮುದ್ರಣಾಲಯದಿಂದ ಠೇವಣಿ ಕೇಳಬಹುದಿತ್ತು. ಬರಹ ಹಿಡಿಸದಿದ್ದರೆ ಆ ಠೇವಣಿಯನ್ನು ಮುಟ್ಟುಗೋಲು ಹಾಕಬಹುದಿತ್ತು. ಅದರ ಮೇಲೆ ಭಾರತ ರಕ್ಷಣಾ ನಿಯಮಗಳು; ಅದಕ್ಕೂ ಮೇಲೆ ದಂಡಸಂಹಿತೆಯ ರಾಜದ್ರೋಹದ ಕಲಮು. ಅದೇ ವರ್ಷ ಶ್ರೀಮತಿ ವಯೊಲೆಟರು ಐದು ತಿಂಗಳ ಕೂಸನ್ನು ಎತ್ತಿಕೊಂಡೇ ಆರ್ಥರ್ ರೋಡ್ ಸೆರೆಮನೆಗೆ ಹೋಗಬೇಕಾಯಿತು. ಇವರ ಮನೆಯಲ್ಲಿ ಪತ್ರಿಕೆ, ತೊಟ್ಟಿಲು ಮತ್ತು ಕಾರಾಗೃಹ ಮೂರೂ ಒಟ್ಟಿಗೆ ಬಂದವು.

ದೇಶದ ನಾಯಕರನ್ನು ಕುರಿತ ಆಳ್ವರ ಇಂಗ್ಲಿಷ್ ಗ್ರಂಥ ‘ಮೆನ್ ಅಂಡ್ ಸೂಪರ್‌ಮೆನ್ ಆಫ್ ಹಿಂದುಸ್ತಾನ್’ ಪ್ರಕಟವಾದುದೂ 1943ರಲ್ಲಿಯೇ. ವಯೊಲೆಟರು ಮಹಿಳೆಯರಿಗಾಗಿ ಬೇರೊಂದು ಪತ್ರಿಕೆಯನ್ನು ನಡೆಸಿದರು. 1952ರಲ್ಲಿ ಅಖಿಲ ಭಾರತ ಪತ್ರಿಕಾ ಸಂಪಾದಕರ ಸಮ್ಮೇಳನದ ಸ್ಥಾಯೀ ಸಮಿತಿಗೆ ಚುನಾಯಿತರಾದ ಪ್ರಥಮ ಮಹಿಳೆಯೂ ಅವರೇ.

ಓದುಗರಿಂದ ಮತದಾರರೆಡೆಗೆ

ಸ್ವಾತಂತ್ರ್ಯ ಬಂದಿತು. 1949ರಲ್ಲಿ ಆಳ್ವರು ಮುಂಬಯಿಯ ಷರೀಫರಾದರು. ಅದು ಅಧಿಕಾರಕ್ಕಿಂತ ಗೌರವವೇ ಹೆಚ್ಚಾದ ಸ್ಥಾನ. 1950ರಲ್ಲಿ ತಾತ್ಕಾಲಿಕ ಸಂಸತ್ತಿನ ಸದಸ್ಯರಾದರು. ಆ ಸಂಸತ್ತಿಗೆ ಜನರ ನೇರ ಚುನಾವಣೆ ಇರಲಿಲ್ಲ. ನಿಜವಾದ ಪರೀಕ್ಷೆ ಎದುರಾದುದು 1952ರಲ್ಲಿ, ಪ್ರಥಮ ಲೋಕಸಭೆಯ 489 ಸ್ಥಾನಗಳಿಗೆ ದೇಶವೆಲ್ಲ ಮತ ಚಲಾಯಿಸಿದಾಗ. ಮುಂಬಯಿ ರಾಜ್ಯದ ಕೆನರಾ ಕ್ಷೇತ್ರದಿಂದ, ಎಂದರೆ ನಮ್ಮ ಉತ್ತರ ಕನ್ನಡದಿಂದ, ಆಳ್ವರು ಕಾಂಗ್ರೆಸ್ ಪಕ್ಷದ ಅಭ್ಯರ್ಥಿಯಾಗಿ ನಿಂತರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಆಳ್ವರ ಕೀರ್ತಿಯೆಲ್ಲ ಇಂಗ್ಲಿಷ್ ಓದುವ ಪಟ್ಟಣಿಗರಲ್ಲಿ ಹರಡಿದ್ದುದು. 1951ರ ಜನಗಣತಿಯಂತೆ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಅಂದಿನ ಮತಗಟ್ಟೆಯಲ್ಲಿ ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೊಂದು ಪ್ರತ್ಯೇಕ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಆಯಾ ಪಕ್ಷದ ಚಿಹ್ನೆ. ಮತದಾರನು ಚೀಟಿಯ ಮೇಲೆ ಏನನ್ನೂ ಬರೆಯದೆ, ಏನನ್ನೂ ಓದದೆ, ತನಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕಿ ಬರುತ್ತಿದ್ದನು. ಹೀಗೆ ಅಕ್ಷರವನ್ನೇ ಆಯುಧವಾಗಿಸಿಕೊಂಡಿದ್ದ ಸಂಪಾದಕರನ್ನು ಜೋಡೆತ್ತಿನ ಚಿತ್ರ ನೋಡಿ ಅಕ್ಷರವರಿಯದ ಜನರು ಆರಿಸಿದರು. ಅಂಕೋಲೆಯ ಉಪ್ಪಿನ ಸತ್ಯಾಗ್ರಹವನ್ನೂ ಸಿದ್ದಾಪುರ ಸೀಮೆಯ ಕರನಿರಾಕರಣೆಯನ್ನೂ ಕಂಡಿದ್ದ ಜಿಲ್ಲೆ ಇದು. ಭೂಮಿ ಕಳೆದುಕೊಂಡವರು, ಸೆರೆಗೆ ಹೋದವರು ಹಳ್ಳಿಹಳ್ಳಿಗಳಲ್ಲಿ ಇದ್ದರು. ಅಂಥ ಜನರಿಗೆ ಅಭ್ಯರ್ಥಿಯ ಪತ್ರಿಕೆಯನ್ನು ಓದಿ ತಿಳಿಯುವ ಅಗತ್ಯವಿರಲಿಲ್ಲ. ಆತನೂ ತಮ್ಮಂತೆಯೇ ಕಷ್ಟ ಉಂಡವನೆಂಬ ಪರಿಚಯ ಸಾಕಾಗಿತ್ತು.

ಅದೇ ಚುನಾವಣೆಯಲ್ಲಿ ದಕ್ಷಿಣ ಕನ್ನಡದ ದಕ್ಷಿಣ ಕ್ಷೇತ್ರದಿಂದ ಆರಿಸಿ ಬಂದವರು ಶ್ರೀ ಬೆನಗಲ್ ಶಿವರಾಯರು. ಅವರೂ ಹೆಸರಾಂತ ಪತ್ರಕರ್ತರೇ. ‘ದಿ ಹಿಂದೂ’ ಪತ್ರಿಕೆಯ ದೆಹಲಿ ಬಾತ್ಮೀದಾರರಾಗಿ ದೀರ್ಘಕಾಲ ದುಡಿದು, ಸಂವಿಧಾನ ಸಭೆಯಲ್ಲಿ ಕುಳಿತು, ಮುಂದೆ ಸಂವಿಧಾನ ರಚನೆಯ ದಾಖಲೆಗಳನ್ನು ಸಂಪುಟಗಳಾಗಿ ಸಂಪಾದಿಸಿಕೊಟ್ಟವರು. ಒಂದೇ ಕರಾವಳಿ ಇಬ್ಬರು ಪತ್ರಕರ್ತರನ್ನು ಪ್ರಥಮ ಲೋಕಸಭೆಗೆ ಕೊಟ್ಟಿತೆಂಬುದು ನಾವು ಹೆಮ್ಮೆಪಡತಕ್ಕ ವಿಷಯ.

ಗಡಿಯ ಈಚೆ, ಗಡಿಯ ಆಚೆ

ಕಥೋಲಿಕರಾದ ನಮಗೆ ಆ ಚುನಾವಣೆಯಲ್ಲಿ ಇನ್ನೊಂದು ಅರ್ಥವೂ ಇತ್ತು. ಬ್ರಿಟಿಷರ 1935ರ ಕಾಯಿದೆಯು ಭಾರತೀಯ ಕ್ರೈಸ್ತರಿಗೆ ಕೆಲವು ಪ್ರಾಂತಗಳಲ್ಲಿ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಿತ್ತು. ಸಂವಿಧಾನ ಸಭೆ 1949ರ ಮೇ ತಿಂಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಕೈಬಿಡಲು ನಿಶ್ಚಯಿಸಿತು. ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಕ್ರೈಸ್ತ ಶ್ರೀ ಎಚ್. ಸಿ. ಮುಖರ್ಜಿಯವರೂ, ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ವಂದನೀಯ ಜೆರೋಮ್ ಡಿಸೋಜರೂ ಇದಕ್ಕೆ ಸಮ್ಮತಿಸಿದವರಲ್ಲಿ ಪ್ರಮುಖರು. ಕ್ರೈಸ್ತರಿಂದಲೇ ಆರಿಸಿ ಬರುವ ಕ್ರೈಸ್ತ ಪ್ರತಿನಿಧಿ ಇನ್ನು ಇರಲಾರನು, ನೆರೆಹೊರೆಯವರ ವಿಶ್ವಾಸವನ್ನು ಗಳಿಸಿಯೇ ನಾವು ಬಾಳಬೇಕು ಎಂಬುದು ಆ ನಿರ್ಧಾರದ ತಾತ್ಪರ್ಯ. ಅಂದು ಅನೇಕರಿಗೆ ಇದು ಭಯ ಹುಟ್ಟಿಸಿತು. ನೂರರಲ್ಲಿ ಕೆಲವೇ ಮಂದಿಯಾದ ನಮ್ಮವರಿಗೆ ಯಾರು ಮತ ಕೊಟ್ಟಾರು?

ಮೂರು ವರ್ಷಗಳೊಳಗಾಗಿ ಉತ್ತರ ಕನ್ನಡದ ಜನರು ಇದಕ್ಕೆ ಉತ್ತರ ಕೊಟ್ಟರು. ಹಾಲಕ್ಕಿಗಳು, ನಾಡವರು, ನಾಮಧಾರಿಗಳು, ಹವ್ಯಕರು, ಮೀನುಗಾರರು, ಭಟ್ಕಳದ ನವಾಯತರು, ಮೊದಲಾಗಿ ನಾನಾ ಜನಾಂಗಗಳು ನೆಲೆಸಿರುವ ಜಿಲ್ಲೆಯಿಂದ ಒಬ್ಬ ಕಥೋಲಿಕನು ಆರಿಸಿಬಂದನು. ಅದೂ ಒಮ್ಮೆಯಲ್ಲ, ಮೂರು ಸಲ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ಬೆಳಗಾವಿ ಧರ್ಮಕ್ಷೇತ್ರವು 1953ರಲ್ಲಿ ಸ್ಥಾಪಿತವಾಗುವವರೆಗೆ ಈ ಸೀಮೆ ಗೋವಾದ ಮಹಾಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟಿತ್ತು. ಕಾರವಾರ ಧರ್ಮಕ್ಷೇತ್ರವು ಬಂದುದು 1976ರಲ್ಲಿ. ಎಂದರೆ 1952ರಲ್ಲಿ ನಮ್ಮ ಅಜ್ಜ ಅಜ್ಜಿಯರು ಸ್ವತಂತ್ರ ಭಾರತದ ಮತಪೆಟ್ಟಿಗೆಯ ಮುಂದೆ ನಿಂತಾಗ, ಬಲಿಪೂಜೆಯಲ್ಲಿ ಅವರ ಗುರುಗಳು ಹೆಸರೆತ್ತಿ ಪ್ರಾರ್ಥಿಸುತ್ತಿದ್ದ ಧರ್ಮಾಧ್ಯಕ್ಷರು ಪೋರ್ತುಗೀಸ್ ಧ್ವಜದಡಿಯಲ್ಲಿ ವಾಸಿಸುತ್ತಿದ್ದರು. ಗೋವಾದ ಪ್ರಶ್ನೆ ತೀವ್ರವಾಗುತ್ತಾ ಹೋಯಿತು. 1955ರಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಭಾರತದ ಆಡಳಿತದಲ್ಲಿ ಕಥೋಲಿಕರ ಗತಿಯೇನು ಎಂಬ ಕೂಗನ್ನು ಪೋರ್ತುಗಲ್ ಎಬ್ಬಿಸುತ್ತಲೇ ಇತ್ತು. ಅದೇ ಗಡಿಗೆ ತಾಗಿದ ಜಿಲ್ಲೆಯ ಬಹುಸಂಖ್ಯಾತ ಹಿಂದೂ ಮತದಾರರು ಕಥೋಲಿಕರೊಬ್ಬರನ್ನೇ ತಮ್ಮ ಪ್ರತಿನಿಧಿಯಾಗಿ 1957ರಲ್ಲಿಯೂ ಕಳುಹಿಸಿದರು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾದ ಬಳಿಕ 1962ರಲ್ಲಿಯೂ ಕಳುಹಿಸಿದರು. ಆ ಕೂಗಿಗೆ ಇದಕ್ಕಿಂತ ಸಮರ್ಥವಾದ ಉತ್ತರವನ್ನು ಯಾವ ಸಂಪಾದಕೀಯವೂ ಕೊಡಲಾರದು. ಆಳ್ವರ ಲೇಖನಿಗೆ ಅಸಾಧ್ಯವಾದುದನ್ನು ಈ ಜನರ ಮತ ಸಾಧಿಸಿತು.

ಪತ್ರಕರ್ತನು ಸಭಾಸದನಾದರೆ

ಪತ್ರಕರ್ತನು ರಾಜಕಾರಣಕ್ಕೆ ಇಳಿದಾಗ ಪಡೆಯುವುದೇನು, ಕಳೆದುಕೊಳ್ಳುವುದೇನು? ಪಡೆಯುವುದು ಕಡಿಮೆಯಲ್ಲ. ಸಂವಿಧಾನದ 105ನೆಯ ಅನುಚ್ಛೇದದಂತೆ ಸದಸ್ಯನು ಸದನದಲ್ಲಿ ಆಡಿದ ಮಾತಿಗೆ ಅವನನ್ನು ಯಾವ ನ್ಯಾಯಾಲಯಕ್ಕೂ ಎಳೆಯುವಂತಿಲ್ಲ. ಹೊರಗೆ ಬರೆದರೆ ಮಾನನಷ್ಟವಾಗಬಹುದಾದ ಪ್ರಶ್ನೆಯನ್ನು ಒಳಗೆ ಕೇಳಬಹುದು; ಮಂತ್ರಿಯು ಉತ್ತರ ಕೊಡಲೇಬೇಕು. ಆಳ್ವರ ಸಮಕಾಲೀನರಾಗಿ ಲೋಕಸಭೆಯಲ್ಲಿದ್ದ ಶ್ರೀ ಫಿರೋಜ್ ಗಾಂಧಿಯವರು ‘ನ್ಯಾಷನಲ್ ಹೆರಾಲ್ಡ್’ ಪತ್ರಿಕೆಯ ಆಡಳಿತವನ್ನು ನೋಡಿಕೊಂಡವರು. ಸಂಸತ್ತಿನ ನಡಾವಳಿಯನ್ನು ಪ್ರಾಮಾಣಿಕವಾಗಿ ವರದಿ ಮಾಡುವ ಪತ್ರಿಕೆಗಳಿಗೆ ರಕ್ಷಣೆ ಕೊಡುವ 1956ರ ಕಾಯಿದೆ ಅವರ ಖಾಸಗಿ ಮಸೂದೆಯ ಫಲ. 1957ರಲ್ಲಿ ಜೀವವಿಮಾ ನಿಗಮದ ಹಣ ಮುಂಧ್ರಾ ಕಂಪನಿಗಳಲ್ಲಿ ತೊಡಗಿದ ಬಗೆಯನ್ನು ಅವರು ಸದನದಲ್ಲಿ ಎತ್ತಿ ಹಿಡಿದರು; ಮರುವರ್ಷ ಅರ್ಥಮಂತ್ರಿಗಳೇ ರಾಜೀನಾಮೆ ಕೊಡಬೇಕಾಯಿತು. ಆ ಕಾಯಿದೆಯನ್ನು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ರದ್ದುಪಡಿಸಿದರೆಂಬುದನ್ನೂ 1977ರಲ್ಲಿ ಮತ್ತೆ ತಂದರೆಂಬುದನ್ನೂ ಮರೆಯಬಾರದು.

ಕಳೆದುಕೊಳ್ಳುವುದೂ ಇದೆ. ಸಂಪಾದಕನು ತನ್ನ ಅಂತಃಸಾಕ್ಷಿಯೊಂದಕ್ಕೆ ಹೊಣೆ. ಸಭಾಸದನು ಪಕ್ಷಕ್ಕೂ ಹೊಣೆ. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿದ ಮೇಲಂತೂ ಪಕ್ಷದ ಆದೇಶವನ್ನು ಮೀರಿ ಮತ ಹಾಕಿದ ಸದಸ್ಯನು ಸ್ಥಾನವನ್ನೇ ಕಳೆದುಕೊಳ್ಳಬಹುದು. ಪತ್ರಿಕೆಯಲ್ಲಿ ತಪ್ಪನ್ನು ತೋರಿಸಿದರೆ ಕೆಲಸ ಮುಗಿಯಿತು. ಸಭಾಸದನ ಬಾಗಿಲಿಗೆ ಬರುವ ಜನರು ತಪ್ಪನ್ನು ತಿದ್ದಿಕೊಡೆನ್ನುತ್ತಾರೆ. ರಸ್ತೆ, ಸೇತುವೆ, ಬಂದರು, ಮಗನಿಗೊಂದು ನೌಕರಿ ಬೇಡುತ್ತಾರೆ. ಐದು ವರ್ಷಕ್ಕೊಮ್ಮೆ ಲೆಕ್ಕ ಕೇಳುತ್ತಾರೆ. ಕೆನರಾ ಕ್ಷೇತ್ರ 1967ರಲ್ಲಿ ಪಕ್ಷೇತರರಾದ ಶ್ರೀ ದಿನಕರ ದೇಸಾಯರನ್ನು ಆರಿಸಿತು. ಚುಟುಕಗಳ ಕವಿಯಾದ ದೇಸಾಯರೂ ‘ಜನಸೇವಕ’ ವಾರಪತ್ರಿಕೆಯ ಸಂಪಾದಕರೇ. ಹೀಗೆ ಸ್ವಾತಂತ್ರ್ಯದ ಮೊದಲ ಎರಡು ದಶಕಗಳಲ್ಲಿ ನಮ್ಮ ಜಿಲ್ಲೆಯು ಲೋಕಸಭೆಗೆ ಕಳುಹಿಸಿದವರಿಬ್ಬರೂ ಪತ್ರಿಕೆ ನಡೆಸಿದವರು.

ಆಳ್ವರು 1968ರಿಂದ 1974ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು. ಶ್ರೀಮತಿ ವಯೊಲೆಟರು 1952ರಿಂದಲೇ ಅಲ್ಲಿದ್ದು, 1957ರಲ್ಲಿ ಕೇಂದ್ರ ಗೃಹಖಾತೆಯ ಉಪಮಂತ್ರಿಯಾಗಿ, 1962ರಲ್ಲಿ ಆ ಸಭೆಯ ಉಪಾಧ್ಯಕ್ಷೆಯಾಗಿ ಆರಿಸಿಬಂದಿದ್ದರು. ಆ ಪೀಠವನ್ನೇರಿದ ಪ್ರಥಮ ಮಹಿಳೆ ಅವರು. ಹೀಗಾಗಿ ಸುಮಾರು ಒಂದೂವರೆ ವರ್ಷ ಒಂದೇ ಸಭೆಯಲ್ಲಿ ಪತ್ನಿ ಪೀಠದಲ್ಲಿಯೂ ಪತಿ ಸದಸ್ಯರ ಸಾಲಿನಲ್ಲಿಯೂ ಇದ್ದರು. 1969ರ ನವೆಂಬರಿನಲ್ಲಿ ರಾಜೀನಾಮೆ ಇತ್ತ ಕೆಲವೇ ದಿನಗಳಲ್ಲಿ ವಯೊಲೆಟರು ದೈವಾಧೀನರಾದರು. ಆಳ್ವರು 1979ರಲ್ಲಿ ಕಣ್ಣು ಮುಚ್ಚಿದರು. 2008ರಲ್ಲಿ ಭಾರತ ಸರ್ಕಾರವು ಈ ದಂಪತಿಗಳ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿತು. ಅವರ ಸೊಸೆ ಶ್ರೀಮತಿ ಮಾರ್ಗರೆಟ್ ಆಳ್ವರು 1999ರಲ್ಲಿ ಇದೇ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದುದು ಅನೇಕರ ನೆನಪಿನಲ್ಲಿದೆ.

ನಮ್ಮ ಪಾಲಿನ ತಪ್ಪು

ಇನ್ನೊಂದು ಮಾತನ್ನು ಹೇಳದೆ ಈ ಲೇಖನವನ್ನು ಮುಗಿಸಿದರೆ ಅದು ಪ್ರಾಮಾಣಿಕವಾಗಲಾರದು. ಹಲವು ವರ್ಷಗಳ ಹಿಂದೆ, ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತಿದ್ದ ಯುವಕನೊಬ್ಬನು ಸಂಜೆಯ ಜಪಸರದ ಪ್ರಾರ್ಥನೆ ಮುಗಿದ ಮೇಲೆ ನಮ್ಮನ್ನು ಕಾಣಲು ಬಂದನು. “ಫಾದರ್, ಜನ ನನ್ನನ್ನು ಪಂಚಾಯತಿ ಚುನಾವಣೆಗೆ ನಿಲ್ಲು ಅಂತ ಒತ್ತಾಯ ಮಾಡ್ತಾ ಇದ್ದಾರೆ. ತಾವು ಏನು ಹೇಳ್ತೀರಿ?” ಎಂದು ಕೇಳಿದನು. ನಾವು ಹೆಚ್ಚು ಯೋಚಿಸದೆ, “ಮಗೂ, ರಾಜಕೀಯ ಕೆಸರು. ಬರೆಯುವ ಕೆಲಸ ಶುದ್ಧವಾಗಿದೆ, ಅದನ್ನೇ ಮಾಡಿಕೊಂಡಿರು” ಎಂದು ಕಳುಹಿಸಿಬಿಟ್ಟೆವು. ಅವನು ನಮ್ಮ ಮಾತನ್ನು ಮೀರಲಿಲ್ಲ. ಆ ವಾರ್ಡಿನಲ್ಲಿ ನಿಂತು ಗೆದ್ದವರು ಯಾರು, ಅಲ್ಲಿಯ ಬಡಮನೆಗಳಿಗೆ ನೀರು ಬರಲು ಎಷ್ಟು ವರ್ಷ ಹಿಡಿಯಿತು ಎಂಬುದನ್ನು ಬಲ್ಲ ನಮಗೆ ಆ ಸಂಜೆಯ ಬುದ್ಧಿವಾದ ಇಂದಿಗೂ ಚುಚ್ಚುತ್ತದೆ.

ನಾವು ಗುರುಮಠದಲ್ಲಿ ಕಲಿತುದನ್ನೇ ಅಂದು ಮರೆತಿದ್ದೆವು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಸಮೂಹ ಮಾಧ್ಯಮಗಳ ಬಗ್ಗೆ ಆಜ್ಞಾಪತ್ರವನ್ನು ಹೊರಡಿಸಿತು. 1965ರಲ್ಲಿ ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಸ್ಥಾನವನ್ನು ಕುರಿತ ಶಾಸನದಲ್ಲಿ, ಸರ್ವರ ಹಿತಕ್ಕಾಗಿ ಸಾರ್ವಜನಿಕ ಅಧಿಕಾರದ ಭಾರವನ್ನು ಹೊರುವವರ ಕಾರ್ಯವನ್ನು ಪ್ರಶಂಸಿಸಿತು. 1983ರ ಧರ್ಮಸಭಾ ಸಂಹಿತೆಯು ಗುರುಗಳಾದ ನಮಗೆ ರಾಜ್ಯಾಧಿಕಾರದ ಹುದ್ದೆಗಳನ್ನು ನಿಷೇಧಿಸಿದೆ. ಆ ಬಾಗಿಲು ನಮಗೆ ಮುಚ್ಚಿದೆ. ಶ್ರೀಸಾಮಾನ್ಯ ವಿಶ್ವಾಸಿಗಳಿಗೆ ಅದು ತೆರೆದಿದೆ. ತಾನು ಹೋಗಬಾರದ ಬಾಗಿಲಲ್ಲಿ ಅಡ್ಡ ನಿಂತು ಹೋಗಬೇಕಾದವರನ್ನೂ ತಡೆಯುವುದು ಗುರುವಿಗೆ ತರವಲ್ಲ. ಪತ್ರಕರ್ತರ ಪಾಲಕರೆಂದು ಧರ್ಮಸಭೆ 1923ರಲ್ಲಿ ಸಾರಿದ ಸಂತ ಫ್ರಾನ್ಸಿಸ್ ದೆ ಸಾಲೆಸರೂ, ರಾಜಕಾರಣಿಗಳ ಪಾಲಕರೆಂದು 2000ದಲ್ಲಿ ಸಾರಿದ ಸಂತ ಥಾಮಸ್ ಮೋರರೂ ಒಂದೇ ಸ್ವರ್ಗದಲ್ಲಿದ್ದಾರಲ್ಲವೇ?

ಆಳ್ವರು ದೋಷರಹಿತರೆಂದು ನಾವು ಹೇಳುತ್ತಿಲ್ಲ. ಅವರ ಪಕ್ಷವನ್ನು ಯಾರಿಗೂ ಬೋಧಿಸುತ್ತಿಲ್ಲ. ಬರೆದ ಮಾತಿಗೆ ಬೆಲೆ ತೆರಲು ಸಿದ್ಧನಾದವನು ಜನರ ಮುಂದೆ ನಿಂತು ಮತ ಕೇಳಲು ನಾಚಬೇಕಿಲ್ಲ, ಮತ ಕೊಡುವಾಗ ನೆರೆಯವರು ನಾವು ಊಹಿಸುವಷ್ಟು ಕುಲಗೋತ್ರಗಳನ್ನು ಎಣಿಸುವುದಿಲ್ಲ ಎಂಬ ಎರಡು ಸತ್ಯಗಳನ್ನು ಅವರ ಜೀವನ ಈ ಮಣ್ಣಿನಲ್ಲಿಯೇ ಸಿದ್ಧಪಡಿಸಿತೆಂಬುದಷ್ಟೇ ನಮ್ಮ ಅಭಿಪ್ರಾಯ. ನಮ್ಮ ಧರ್ಮಕೇಂದ್ರದ ಯುವಕ ಯುವತಿಯರಲ್ಲಿ ಇಂದು ಪತ್ರಿಕೆಗಳಿಗೆ ಬರೆಯುವವರಿದ್ದಾರೆ, ನ್ಯಾಯಶಾಸ್ತ್ರ ಓದುವವರಿದ್ದಾರೆ. ಅವರಲ್ಲಿ ಯಾರಾದರೂ ಆ ಯುವಕನಂತೆ ಒಂದು ಸಂಜೆ ನಮ್ಮ ಬಾಗಿಲಿಗೆ ಬಂದು ಅದೇ ಪ್ರಶ್ನೆಯನ್ನು ಕೇಳಿದರೆ, ನಾವು ಕೊಡುವ ಉತ್ತರ ಈ ಬಾರಿ ಬೇರೆಯಾಗಿರುತ್ತದೆ. ದೇವರು ನಮಗೆ ಆ ಅವಕಾಶವನ್ನು ಕರುಣಿಸಲಿ.